ಹದಿನಾಲ್ಕನೇ ಮಂಚದ ಸುಕ್ಕು

ಬರುವಾಗ ಒಂದು ಬೆಡ್‌ಶೀಟು ತನ್ನಿ ಎಂದು ಮೇಷ್ಟ್ರು ಹೇಳಿದ್ದರು. ಒಗೆದದ್ದೇ ಆಗಬೇಕು ಎಂದೇನೂ ಹೇಳಿರಲಿಲ್ಲ. ಆದರೂ ಅವನು ಬೆಳಿಗ್ಗೆಯಿಂದ ಅದರ ಜೊತೆ ಜಗಳಕ್ಕೆ ಬಿದ್ದವನ ಹಾಗೆ ಹಾಸ್ಟೆಲಿನ ಕೋಣೆಯ ನಡುವೆ ನಿಂತಿದ್ದ. ನಾಲ್ಕು ಮಡಿಕೆ ಹಾಕಿದರೆ ಒಂದು ಮೂಲೆ ಹೊರಗೆ ಇಣುಕುತ್ತಿತ್ತು, ಕೊಡವಿ ಮತ್ತೆ ಮಡಿಸಿದರೆ ಇನ್ನೊಂದು ಮೂಲೆ. ಪಕ್ಕದ ಮಂಚದವನು ಹಲ್ಲುಜ್ಜುತ್ತಲೇ ಯಾವುದೋ ಭಕ್ತಿಗೀತೆ ಗುನುಗುತ್ತಿದ್ದ. ಬಾಯಿ ತುಂಬ ನೊರೆ ಇಟ್ಟುಕೊಂಡು ದೇವರನ್ನು ಹೊಗಳುವ ಈ ಮನುಷ್ಯನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಲಿಲ್ಲ, ನಾಚಿಕೆಯೂ ಆಗಲಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಹತ್ತು ದಿನದಿಂದ ಇದೇ ಕಥೆ. ಗ್ರಂಥಾಲಯದಲ್ಲಿ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವವರು, ಊಟದ ಕೋಣೆಯಲ್ಲಿ ತಟ್ಟೆ ಎಳೆಯುವವರು, ಪ್ರಾರ್ಥನೆಯ ಹೊತ್ತಿಗೆ ಹೊಟ್ಟೆನೋವು ಬಂದವರ ಹಾಗೆ ಹುಬ್ಬು ಗಂಟಿಕ್ಕುವವರು, ಯಾರನ್ನು ಕಂಡರೂ ಮೈ ಉರಿಯುತ್ತಿತ್ತು. ಅವರ್ಯಾರೂ ಅವನಿಗೆ ಏನೂ ಕೆಟ್ಟದ್ದು ಮಾಡಿರಲಿಲ್ಲ. ಎಲ್ಲರೂ ಅವನನ್ನು ಹೊಗಳಿದ್ದರು, ಅಷ್ಟೇ.

ಹೊಗಳಿಕೆ ತಂದುಕೊಟ್ಟದ್ದು ಮೂರು ಪುಟದ ಒಂದು ವರದಿ. ದೇವಶಾಸ್ತ್ರ ಕಾಲೇಜಿನ ಕೊನೆಯ ವರ್ಷದಲ್ಲಿ, ಮುಂದೆ ಸಭೆಗಳಿಗೆ, ಅಂದರೆ ಚರ್ಚುಗಳಿಗೆ, ಪಾಸ್ಟರಾಗಿ ಹೋಗುವವರು ವಾರಕ್ಕೆ ಎರಡು ಮಧ್ಯಾಹ್ನ ಆಸ್ಪತ್ರೆಯಲ್ಲಿ ರೋಗಿಗಳ ಹತ್ತಿರ ಕೂತು ಮಾತಾಡಬೇಕು, ಬಂದು ಆ ಮಾತನ್ನು ಆಡಿದ ಹಾಗೇ ಬರೆಯಬೇಕು. ಪಾ ಎಂದರೆ ಪಾಸ್ಟರು, ರೋ ಎಂದರೆ ರೋಗಿ. ಪಾ ಒಂದು, ರೋ ಒಂದು, ಪಾ ಎರಡು, ರೋ ಎರಡು. ರೋಗಿ ಕೆಮ್ಮಿದರೆ ಕೆಮ್ಮಿದರು ಎಂದು ಬರೆಯಬೇಕು, ಸುಮ್ಮನಾದರೆ ಎಷ್ಟು ಹೊತ್ತು ಎಂದು ಬರೆಯಬೇಕು. ಆಮೇಲೆ ಒಂದು ದಿನ ತರಗತಿಯಲ್ಲಿ ಎರಡು ಮೇಜು ಜೋಡಿಸಿ, ಮೇಲೆ ಬೆಡ್‌ಶೀಟು ಹಾಸಿ, ಬರೆದವನನ್ನೇ ರೋಗಿಯಾಗಿ ಮಲಗಿಸುತ್ತಿದ್ದರು. ಇನ್ನೊಬ್ಬರು ಪಾಸ್ಟರಾಗಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಬರೆದವನು ಆಡಿದ ಮಾತನ್ನೇ ಅವನಿಗೆ ಓದಿ ಹೇಳಬೇಕು. ತಾನು ಆಡಿದ್ದು ಮಲಗಿದವರ ಕಿವಿಗೆ ಹೇಗೆ ಬೀಳುತ್ತದೆ ಎಂದು ತಿಳಿಯಲಿ ಎಂಬುದು ಮೇಷ್ಟ್ರ ಪದ್ಧತಿ. ಮೂರು ವರ್ಷದಲ್ಲಿ ಈ ಮೇಜಿನ ಮೇಲೆ ಮಲಗಿ ಅತ್ತವರಿದ್ದಾರೆ, ನಿದ್ದೆ ಹೋದವನೂ ಒಬ್ಬನಿದ್ದಾನೆ. ಇವತ್ತು ಅವನ ಸರದಿ. ಇವತ್ತೇ ಸಭಾ ಮಂಡಳಿಯ ಕಡೆಯಿಂದ ಅಯ್ಯನವರೂ ನೋಡಲು ಬರುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಮೇಷ್ಟ್ರು ಶಿಫಾರಸು ಪತ್ರಕ್ಕೆ ಅಲ್ಲೇ ಸಹಿ ಹಾಕುತ್ತಾರೆ. ಆ ಪತ್ರ ಇದ್ದವನಿಗೆ ಪಾಸ್ಟರ ಅಭಿಷೇಕ. ಇಲ್ಲದವನು ಭಾನುವಾರದ ಮಕ್ಕಳಿಗೆ ಪಾಠ ಹೇಳಿಕೊಂಡು ಇರಬಹುದು.

ಅಯ್ಯನವರು ಎಂದರೆ ಬೇರೆ ಯಾರೂ ಅಲ್ಲ, ಅಪ್ಪ ಮೂವತ್ತೆರಡು ವರ್ಷದಿಂದ ಗಂಟೆ ಹೊಡೆದು, ಬೆಂಚು ಒರೆಸಿ, ಮದುವೆಗಳಾದ ಮೇಲೆ ಹೂವಿನ ಎಸಳು ಗುಡಿಸಿದ ಚರ್ಚಿನ ಹಿರಿಯ ಪಾಸ್ಟರು. ಅವರ ದನಿ ಫೋನಿನಲ್ಲಿ ಕೇಳಿದರೂ ಅಪ್ಪ ಎದ್ದು ನಿಲ್ಲುತ್ತಿದ್ದ. ಚಿಕ್ಕವನಿದ್ದಾಗ ಅದನ್ನು ನೋಡಿ ನಕ್ಕು ಅಮ್ಮನಿಂದ ಏಟು ತಿಂದದ್ದು ಇನ್ನೂ ನೆನಪಿದೆ. ಪ್ರತಿ ಭಾನುವಾರ ಬಾಗಿಲಲ್ಲಿ ಅವರು ಮುಖ ಬೇರೆ ಕಡೆ ಇಟ್ಟುಕೊಂಡೇ ತಮ್ಮ ಚೀಲವನ್ನು ಪಕ್ಕಕ್ಕೆ ಚಾಚುತ್ತಿದ್ದರು. ಅಲ್ಲಿ ಒಂದು ಕೈ ಇರುತ್ತದೆ ಎಂದು ಅವರಿಗೆ ಗೊತ್ತು. ಆ ಕೈ ಅಪ್ಪನದು. ಕಾಲೇಜಿಗೆ ಸೇರಿದ ಮೊದಲ ದಿನ ಪರಿಚಯ ಹೇಳುವಾಗ ಅಪ್ಪನ ಕೆಲಸ ಬಾಯಿ ತಪ್ಪಿ ಬಂದು ಅವನ ಹೆಸರು ಗಂಟೆ ಎಂದಾಯಿತು. ಗಂಟೆ, ಎಷ್ಟಾಯ್ತು? ಗಂಟೆ, ಊಟಕ್ಕೆ ಹೊಡಿ. ಮೂವತ್ತು ದಾಟಿದ, ಒಂದು ಕಾರ್ಖಾನೆಯಲ್ಲಿ ಎಂಟು ವರ್ಷ ಸರಕು ಕಟ್ಟಿ ಬಂದ ಗಂಡಸು ಇದಕ್ಕೆಲ್ಲ ಸಿಟ್ಟಾಗಬಾರದು ಎಂದು ಅವನೂ ನಗುತ್ತಿದ್ದ. ಮೊನ್ನೆ ಅಪ್ಪ ಫೋನು ಮಾಡಿ, ಅಭಿಷೇಕದ ಬಿಳಿ ನಿಲುವಂಗಿ ಹೊಲಿಸಿ ಆಯಿತು ಎಂದಿದ್ದ. ಅಳತೆಗೆ ನಿನ್ನ ಹಳೇ ಅಂಗಿ ಕೊಟ್ಟೆ, ತೋಳು ಎರಡು ಬೆರಳು ಜಾಸ್ತಿ ಬಿಡಿಸಿದ್ದೀನಿ, ಈಗ ಮೈ ತುಂಬಿಕೊಂಡಿರ್ತೀಯಲ್ಲ. ಪತ್ರ ಇನ್ನೂ ಕೈಗೆ ಸಿಕ್ಕಿಲ್ಲ ಅಪ್ಪ ಎಂದರೆ, ಸಿಗದೆ ಎಲ್ಲಿ ಹೋಗುತ್ತೆ, ನಿನ್ನ ವರದಿ ಅಷ್ಟು ಚೆನ್ನಾಗಿತ್ತಂತೆ, ಅಯ್ಯನವರೇ ಹೇಳಿದರು ಎಂದ. ಅದನ್ನು ಹೇಳುವಾಗಲೂ ಎದ್ದು ನಿಂತಿದ್ದನೋ ಏನೋ.

ಬೆಡ್‌ಶೀಟನ್ನು ಹಾಗೇ ಮುದ್ದೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಹಾಸ್ಟೆಲಿನಿಂದ ತರಗತಿಗೆ ಅಂಗಳ ದಾಟಬೇಕು. ಅಂಗಳದಲ್ಲಿ ಮೊದಲ ವರ್ಷದವರು ಒಂದು ರಬ್ಬರಿನ ಗೊಂಬೆಗೆ ದೀಕ್ಷಾಸ್ನಾನ ಮಾಡಿಸುವುದನ್ನು ಕಲಿಯುತ್ತಿದ್ದರು. ಎಡಗೈಯಲ್ಲಿ ಕುತ್ತಿಗೆ, ಬಲಗೈಯಲ್ಲಿ ನೀರು, ಒಬ್ಬನ ಕೈಯಿಂದ ಗೊಂಬೆ ಜಾರಿ ಬಿದ್ದಾಗ ಎಲ್ಲರೂ ನಕ್ಕರು. ಅವನಿಗೂ ಮೂರು ವರ್ಷದ ಹಿಂದೆ ಅದೇ ಗೊಂಬೆಯ ತೂಕ ಗೊತ್ತಿತ್ತು. ಅಭ್ಯಾಸಕ್ಕೆಂದೇ ಖಾಲಿ ಶವಪೆಟ್ಟಿಗೆಯನ್ನು ಹೂಳಿದ್ದ, ಇಬ್ಬರು ಸಹಪಾಠಿಗಳಿಗೆ ಮದುವೆ ಮಾಡಿಸಿದ್ದ, ಖಾಲಿ ಬೆಂಚುಗಳಿಗೆ ಬೈಬಲ್ ಪ್ರಸಂಗ ಮಾಡಿದ್ದ. ಇಲ್ಲಿ ಎಲ್ಲವೂ ಹೀಗೇ. ಗೊಂಬೆ ಅಳುವುದಿಲ್ಲ, ಪೆಟ್ಟಿಗೆ ಭಾರವಾಗುವುದಿಲ್ಲ, ಮೂರು ವರ್ಷ ಇದನ್ನೇ ಮಾಡಿ ಮಾಡಿ ಕೈಗೆ ಅಭ್ಯಾಸವಾಗಿ ಒಂದು ಮಧ್ಯಾಹ್ನ ಹದಿನಾಲ್ಕನೇ ಮಂಚದ ಹತ್ತಿರ ಹೋಗಿ ನಿಂತರೆ ಅಲ್ಲಿ ಒಂದು ಹೆಂಗಸು ಇರುತ್ತಾಳೆ, ಅವಳಿಗೆ ವಾಸನೆ ಇರುತ್ತದೆ.

ವಾಸನೆಯನ್ನು ವರದಿಯಲ್ಲಿ ಬರೆದಿರಲಿಲ್ಲ. ಕಿಟಕಿಯ ಪಕ್ಕದ ಮಂಚ, ಅರವತ್ತರ ಆಸುಪಾಸಿನ ಹೆಂಗಸು, ಬೀದಿ ಮೂಲೆಯಲ್ಲಿ ನಲವತ್ತು ವರ್ಷ ಬಟ್ಟೆ ಇಸ್ತ್ರಿ ಮಾಡಿದವಳು ಎಂದು ವಾರ್ಡಿನ ಹಾಳೆಯಲ್ಲಿ ಬರೆದಿತ್ತು. ಬಲಗೈಯ ಹೆಬ್ಬೆರಳಿನ ಬುಡ ಸುಟ್ಟು ಸುಟ್ಟು ಬೂಟಿನ ಚರ್ಮದ ಹಾಗೆ ಆಗಿತ್ತು. ಅವನು ತಲೆ ಒಂದು ಕಡೆ ವಾಲಿಸಿ, ಮೇಷ್ಟ್ರು ಕಲಿಸಿದ ಹಾಗೆ ಮುಖದಲ್ಲಿ ಕಾಳಜಿ ತಂದುಕೊಂಡು, ನಮಸ್ಕಾರ ಅಮ್ಮ ಎಂದಿದ್ದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಕೊರಳಪಟ್ಟಿ ಸರಿಯಾಗಿ ಕೂತಿಲ್ಲ ಎಂಬ ಹಾಗೆ ಅಲ್ಲೇ ಕಣ್ಣು ನಿಲ್ಲಿಸಿ, ಯಾರಪ್ಪ ನೀನು, ಡಾಕ್ಟರ ಕಡೆಯವನಾ ದೇವರ ಕಡೆಯವನಾ ಎಂದು ಕೇಳಿದಳು. ಅವನು ನಕ್ಕು, ದೇವರ ಕಡೆಯವನು ಎಂದ. ಹಾಗಾದರೆ ಅವನನ್ನ ಆಚೆ ನಿಲ್ಲಿಸಿ ನೀನೊಬ್ಬನೇ ಒಳಗೆ ಬಾ ಎಂದಳು. ಬಂದವನು ಬೆಡ್‌ಶೀಟು ಎಳಿ, ಸೊಂಟದ ಕೆಳಗೆ ಸುಕ್ಕು ಕೂತಿದೆ, ಬೆಳಿಗ್ಗೆಯಿಂದ ಹೇಳುತ್ತಿದ್ದೇನೆ, ಒಬ್ಬರೂ ಈ ಕಡೆ ತಲೆ ಹಾಕಿಲ್ಲ ಎಂದಳು. ಅದಕ್ಕೆ ಅವಳನ್ನು ಹಿಡಿದು ಹೊರಳಿಸಬೇಕಿತ್ತು. ಹೊರಳಿಸಿದರೆ ಹೊದಿಕೆ ಸರಿಯುತ್ತದೆ, ಅಡಿಯಲ್ಲಿ ಒದ್ದೆ ಇತ್ತು, ಆ ಒದ್ದೆ ಏನೆಂದು ಅವನ ಮೂಗಿಗೆ ಗೊತ್ತಾಗಿತ್ತು. ಅವನು ಕೈಯಲ್ಲಿದ್ದ ಚಿಕ್ಕ ಬೈಬಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಎರಡೂ ಕೈಯಲ್ಲಿ ಹಿಡಿದರೆ ಕೈ ಖಾಲಿ ಇಲ್ಲ ಎಂದು ಯಾರಿಗಾದರೂ ಕಾಣುತ್ತದೆ. ನರ್ಸನ್ನು ಕರೆಯುತ್ತೇನೆ ಅಮ್ಮ, ಅಷ್ಟರಲ್ಲಿ ನಾವು ಪ್ರಾರ್ಥನೆ ಮಾಡೋಣವೇ ಎಂದ. ಆಗ ಅವಳಿಗೆ ಬಂದ ಸಿಟ್ಟು, ಪಕ್ಕದ ಮಂಚದವರೂ ಮಗ್ಗುಲಾಗುವಂಥ ಸಿಟ್ಟು, ಅದು ಅವನ ಬೆನ್ನಿಗೆ ಬಿತ್ತು, ಏಕೆಂದರೆ ಅವನಾಗಲೇ ಬಾಗಿಲ ಕಡೆ ತಿರುಗಿದ್ದ. ನರ್ಸನ್ನು ಕರೆಯಲಿಲ್ಲ. ಕರೆಯಬೇಕೆಂದೇ ಹೊರಟಿದ್ದ, ನರ್ಸುಗಳ ಮೇಜಿನ ಹತ್ತಿರ ಯಾರೂ ಇರಲಿಲ್ಲ, ಒಂದು ನಿಮಿಷ ಕಾಯೋಣ ಎಂದುಕೊಂಡ. ಕಾಯುವುದಕ್ಕೆ ಕ್ಯಾಂಟೀನಿಗೆ ಹೋಗಿ ಟೀ ಕುಡಿದ. ಟೀ ಚೆನ್ನಾಗಿತ್ತು. ಅದು ಚೆನ್ನಾಗಿದ್ದದ್ದನ್ನು ಅವನು ಮರೆತಿಲ್ಲ.

ಎರಡು ದಿನ ಬಿಟ್ಟು ಮತ್ತೆ ಹೋದಾಗ ಹದಿನಾಲ್ಕನೇ ಮಂಚದಲ್ಲಿ ಯಾರೂ ಇರಲಿಲ್ಲ. ಬೆಡ್‌ಶೀಟು ನಾಲ್ಕು ಕಡೆಯಿಂದ ಎಳೆದು ಕಟ್ಟಿತ್ತು, ಒಂದು ಸುಕ್ಕೂ ಇರಲಿಲ್ಲ. ನಿನ್ನೆ ಬೆಳಿಗ್ಗೆ ಹೋದರು ಎಂದಳು ನರ್ಸು. ಅವತ್ತು ಸಂಜೆಯೇ ಅವನು ವರದಿ ಬರೆಯಲು ಕೂತದ್ದು. ಅವಳು ಬದುಕಿದ್ದರೆ ಬರೆಯುತ್ತಿರಲಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಬಾ ಮಗನೇ, ನಿನ್ನನ್ನು ದೇವರೇ ಕಳಿಸಿದ್ದು ಎಂದು ಅವಳಿಂದ ಹೇಳಿಸಿದ. ಮನಸ್ಸಿನ ಭಾರವನ್ನೆಲ್ಲ ಹೇಳಿಸಿದ, ಅಳಿಸಿದ, ತನ್ನ ಕೈ ಹಿಡಿಸಿದ, ಕೊನೆಗೆ ಹೂಂ, ಪ್ರಾರ್ಥನೆ ಮಾಡು ಮಗನೇ ಎನ್ನಿಸಿದ. ಬರೆಯುವಾಗ ಅವನ ಕಣ್ಣಲ್ಲೂ ನೀರು ಬಂದಿತ್ತು. ಓದಿದ ಮೇಷ್ಟ್ರು, ಮೂರು ವರ್ಷ ಕಾದೆ ಮಗೂ, ಈಗ ನಿನ್ನ ಒಳಗಿನ ಪಾಸ್ಟರು ಮಾತಾಡಿದ ಎಂದು ಹೆಗಲ ಮೇಲೆ ಕೈ ಇಟ್ಟರು. ನಿಜ ಬರೆದ ಹನ್ನೊಂದು ವರದಿಗಳಿಗೆ ಸಾಧಾರಣ, ಸಾಲದು, ಭಾಷೆ ಒರಟು ಎಂದು ಕೆಂಪು ಶಾಯಿಯಲ್ಲಿ ಗೀಚಿದ ಮನುಷ್ಯ ಇದನ್ನು ಬೆಳಗಿನ ಆರಾಧನೆಯಲ್ಲಿ ಎಲ್ಲರ ಮುಂದೆ ಓದಿಸಿದ. ಥೂ, ಇಷ್ಟು ಸುಲಭವಾಗಿ ಮೋಸ ಹೋಗುವವರು ಇಷ್ಟು ದಿನ ನನಗೆ ಪಾಠ ಹೇಳಿದರಲ್ಲ, ಎಂದು ಅವತ್ತು ಹತ್ತಿದ ಉರಿ ಇನ್ನೂ ಆರಿರಲಿಲ್ಲ. ಹೊರಗಿನವರ ಮೇಲೆ ಉರಿದರೆ ಒಳಗೆ ಸ್ವಲ್ಪ ತಣ್ಣಗಿರುತ್ತದೆ ಎಂಬುದನ್ನೂ ಅವನು ಕಂಡುಕೊಂಡಿದ್ದ.

ತರಗತಿಯ ಹೊರಗಿನ ವರಾಂಡದಲ್ಲಿ ನಾಲ್ಕು ಕುರ್ಚಿಗಳಿದ್ದವು. ನಾಲ್ಕೂ ಖಾಲಿ. ಪಕ್ಕದಲ್ಲಿ ಗೋಡೆಗೆ ಬೆನ್ನೂ ತಾಗಿಸದೆ ಅಪ್ಪ ನಿಂತಿದ್ದ. ಒಂದು ಕ್ಷಣ ಅವನಿಗೆ ಅಪ್ಪ ಎಂದೇ ಹೊಳೆಯಲಿಲ್ಲ, ಯಾರೋ ಕೆಲಸದವರು ಅಂದುಕೊಂಡ, ಹಾಗೆ ಅಂದುಕೊಂಡ ತನ್ನ ಕಣ್ಣಿಗೇ ಹೊಡೆಯಬೇಕು ಅನ್ನಿಸಿತು. ಅಯ್ಯನವರ ಜೊತೆ ಬಂದೆ, ಚೀಲ ಹಿಡಿಯೋಕೆ ಯಾರಾದರೂ ಬೇಕಲ್ಲ ಎಂದು ಅಪ್ಪ ನಕ್ಕ. ಕೈಯಲ್ಲಿ ಕಾಗದದಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣ. ನಿಲುವಂಗಿ. ಕೂತುಕೋ ಅಪ್ಪ ಎಂದ. ಇರಲಿ, ಅಯ್ಯನವರು ಬರಲಿ ಎಂದ ಅಪ್ಪ. ಮೂರು ವರ್ಷದ ಸಿಟ್ಟೆಲ್ಲ ಒಟ್ಟಿಗೆ ಮೇಲೆ ಬಂತು, ಅವನು ಬಾಗಿಲು ದೂಡಿ ಒಳಗೆ ಹೋದ.

ಪಾಸ್ಟರ ಮಾತು ಓದುವ ಸರದಿ ಅವತ್ತು ಬೇಕರಿಯದು. ಬೇಕರಿ ಎಂದರೆ ಕಾಲೇಜಿಗೆ ಬರುವ ಮೊದಲು ಒಂದು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಹುಡುಗಿ. ಬೈಬಲ್ ಓದಲು ಕಲಿಸುವ ಗ್ರೀಕಿನಲ್ಲಿ ಎರಡು ಸಲ ನಪಾಸಾದವಳು, ಪ್ರಸಂಗ ಮಾಡಲು ನಿಂತರೆ ಮೂರನೇ ವಾಕ್ಯಕ್ಕೇ ದಾರಿ ತಪ್ಪುವವಳು, ಬೇಕರಿ ಎಂದು ಕೂಗಿದರೆ ಏನಣ್ಣ ಎಂದು ತಿರುಗುವವಳು. ಅವನನ್ನು ಗಂಟೆ ಎನ್ನದೆ ಗಂಟೆಯಣ್ಣ ಎನ್ನುವವಳು ಅವಳೊಬ್ಬಳೇ. ಅವಳೇ ಅವನ ಕಂಕುಳಿನಿಂದ ಬೆಡ್‌ಶೀಟು ತೆಗೆದುಕೊಂಡು ಮೇಜುಗಳ ಮೇಲೆ ಹಾಸಿದಳು. ಮುಂದಿನ ಸಾಲಿನಲ್ಲಿ ಅಯ್ಯನವರು ಕೂತಿದ್ದರು, ಚೀಲ ಕಾಲ ಬಳಿ. ಇವನ ವರದಿಯನ್ನು ನಾನು ಮನೆಯವರಿಗೂ ಓದಿ ಹೇಳಿದೆ ಎಂದು ಅವರು ಮೇಷ್ಟ್ರಿಗೆ ಹೇಳುತ್ತಿದ್ದರು. ನಮ್ಮ ಗಂಟೆ ಹೊಡೆಯುವವನ ಮಗ ನೋಡಿ, ದೇವರು ಯಾರನ್ನ ಎಲ್ಲಿಂದ ಎತ್ತುತ್ತಾನೋ ಹೇಳೋಕಾಗಲ್ಲ. ಮೇಷ್ಟ್ರು ಒಳ್ಳೇದು ಒಳ್ಳೇದು ಎಂದರು. ಅವರು ಎಲ್ಲದಕ್ಕೂ ಹಾಗೇ ಅನ್ನುತ್ತಿದ್ದರು.

ಅವನು ಚಪ್ಪಲಿ ಬಿಟ್ಟು ಮೇಜಿನ ಮೇಲೆ ಅಂಗಾತ ಮಲಗಿದ. ಮಲಗಿದ ಕೂಡಲೇ ಸೊಂಟದ ಕೆಳಗೆ, ಎರಡು ಮೇಜು ಕೂಡುವ ಕಡೆ, ಬೆಡ್‌ಶೀಟಿನ ಒಂದು ಮಡಿಕೆ ಒತ್ತಿತು. ಬೆಳಿಗ್ಗೆ ಮಡಿಸಲಾರದೆ ಮುದ್ದೆ ಮಾಡಿದ್ದರ ಫಲ. ಸ್ವಲ್ಪ ಸರಿದ. ಸುಕ್ಕೂ ಜೊತೆಗೇ ಸರಿಯಿತು. ಮೇಲೆ ಫ್ಯಾನು ತಿರುಗುತ್ತಿತ್ತು, ಒಂದು ರೆಕ್ಕೆಯ ಮೇಲೆ ಧೂಳಿನ ಗೆರೆ. ಮಲಗಿದವನಿಗೆ ಜನರ ಗದ್ದ ಮತ್ತು ಮೂಗಿನ ಹೊಳ್ಳೆಗಳೇ ಕಾಣುತ್ತವೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳೂ ತನ್ನನ್ನು ಹೀಗೇ ನೋಡಿರಬೇಕು, ಎರಡು ಹೊಳ್ಳೆ, ವಾಸನೆಗೆ ಬಿಗಿದುಕೊಂಡ ಹೊಳ್ಳೆ. ಪಕ್ಕದಲ್ಲಿ ಬೇಕರಿ ಕುರ್ಚಿ ಎಳೆದುಕೊಂಡು ಕೂತು, ಹಾಳೆಯನ್ನು ಮುಖಕ್ಕೆ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಮುರಿದು ಓದಿದಳು.

"ಅಮ್ಮ, ನಮಸ್ಕಾರ. ನಾನು ಕಾಲೇಜಿನಿಂದ ಬಂದಿದ್ದೇನೆ. ನಿಮ್ಮ ಜೊತೆ ಸ್ವಲ್ಪ ಹೊತ್ತು ಕೂರಬಹುದಾ?"

ಬಾ ಮಗನೇ ಎಂದು ಅವನು ಹೇಳಬೇಕಿತ್ತು. ಮೂರು ಪುಟವೂ ಬಾಯಿಪಾಠ ಇತ್ತು. ಬಾಯಿ ತೆರೆದ, ಸುಕ್ಕು ಚುಚ್ಚಿತು, ಬಾಯಿಂದ ಬಂದದ್ದು ಬೇರೆ.

"ಯಾರು ನೀನು? ಡಾಕ್ಟರ ಕಡೆಯವಳಾ, ದೇವರ ಕಡೆಯವಳಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬೇಕರಿ ಹಾಳೆಯಲ್ಲಿ ಈ ಮಾತು ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದಳು. ಸಿಗದೆ, ಮುಂದಿನದನ್ನು ಓದಿದಳು. "ನಿಮ್ಮ ಮನಸ್ಸಿನಲ್ಲಿ ಏನೋ ಭಾರ ಇರೋ ಹಾಗೆ ಕಾಣುತ್ತೆ ಅಮ್ಮ."

"ಭಾರ ಮನಸ್ಸಲ್ಲಿಲ್ಲ, ಸೊಂಟದ ಕೆಳಗಿದೆ. ಬೆಡ್‌ಶೀಟು ಸುಕ್ಕಾಗಿದೆ. ಬೆಳಿಗ್ಗೆಯಿಂದ ಹೇಳ್ತಾ ಇದ್ದೀನಿ, ನಿಮ್ಮಪ್ಪನ ಮನೆ ಗಂಟು ಹೋಗುತ್ತಾ ಇದನ್ನ ಎಳೆದ್ರೆ?" ದನಿ ಅವನದೇ, ಆದರೆ ಸಿಟ್ಟು ಅವಳದು, ಅಥವಾ ಎರಡೂ ಸೇರಿ ಹೋಗಿತ್ತು. ಹತ್ತು ದಿನದಿಂದ ಯಾರ ಮೇಲೆ ಹಾಯಬೇಕೆಂದು ತಿಳಿಯದೆ ಅಲೆಯುತ್ತಿದ್ದ ಕೋಪಕ್ಕೆ ಈಗ ಒಂದು ಬಾಯಿ ಸಿಕ್ಕಿತ್ತು. "ನಲವತ್ತು ವರ್ಷ ಊರವರ ಬಟ್ಟೆಯ ಸುಕ್ಕು ತೆಗೆದೆ. ನಿಮ್ಮಂಥ ಪಾಸ್ಟರುಗಳ ನಿಲುವಂಗಿದೂ ತೆಗೆದಿದ್ದೀನಿ. ನನ್ನ ಬೆನ್ನ ಕೆಳಗಿನ ಒಂದು ಸುಕ್ಕು ತೆಗೆಯೋಕೆ ಒಬ್ಬರ ಕೈಯೂ ಖಾಲಿ ಇಲ್ವಾ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.  ಬೇಕರಿ ಅವರ ಕಡೆ ನೋಡಿದಳು, ಅವರು ಮುಂದೆ ಓದು ಎಂದು ಕೈ ಸನ್ನೆ ಮಾಡಿದರು. ಪಾ ಮೂರು. "ದೇವರು ನಿಮ್ಮ ಜೊತೆಗಿದ್ದಾನೆ ಅನ್ನೋದು ನಿಮ್ಮ ಅನುಭವಕ್ಕೆ ಬಂದಿದೆಯಾ ಅಮ್ಮ?"

"ಇದ್ದರೆ ಅವನಿಗೇ ಹೇಳು, ಬಂದು ಆ ಕಡೆ ತುದಿ ಹಿಡಿಯಲಿ."

ಇದು ಅವಳು ಆಡಿದ್ದೇ. ಬಾಗಿಲ ಕಡೆ ತಿರುಗಿದವನ ಬೆನ್ನಿಗೆ ಎಸೆದದ್ದು ಇದನ್ನೇ. ಆಡಿ ಮುಗಿಸಿದ ಮೇಲೆ ಅವನಿಗೆ ಮುಂದೆ ಏನಿದೆ ಎಂದು ನೆನಪಾಯಿತು. ಪಾ ನಾಲ್ಕು ಎಂದರೆ, ನಾವು ಪ್ರಾರ್ಥನೆ ಮಾಡೋಣವೇ. ನಮಸ್ಕಾರ ಬಿಟ್ಟರೆ ವರದಿಯಲ್ಲಿ ಅವನು ನಿಜವಾಗಿ ಆಡಿದ ಮಾತು ಅದೊಂದೇ. ಈಗ ಅದನ್ನು ಇವಳು ತನಗೆ ಓದಿ ಹೇಳುತ್ತಾಳೆ, ತಾನು ಮಲಗಿಕೊಂಡು ಕೇಳಬೇಕು. ಕಣ್ಣು ಮುಚ್ಚಿದ. ಓದಲಿ, ಬೇಗ ಓದಿಬಿಡಲಿ, ಆಮೇಲೆ ಎಲ್ಲರೂ ಕೇಳಲಿ ನಾನು ಎಂಥವನೆಂದು.

ಬೇಕರಿ ಓದಲಿಲ್ಲ. ಹಾಳೆಯನ್ನು ಕುರ್ಚಿಯ ಮೇಲಿಟ್ಟ ಸದ್ದಾಯಿತು. "ಅಮ್ಮ," ಎಂದಳು, ಈ ಸಲ ಅಕ್ಷರ ಮುರಿಯದೆ, "ಸ್ವಲ್ಪ ಈ ಕಡೆ ಹೊರಳ್ತೀರಾ? ನನ್ನ ಹೆಗಲು ಹಿಡ್ಕೊಳ್ಳಿ. ಹಾಂ, ಹಾಗೆ." ಅವಳ ಮುಂಗೈ ಅವನ ಬೆನ್ನಿನ ಕೆಳಗೆ ಹೋಯಿತು, ಹಿಟ್ಟು ನಾದಿ ಗಟ್ಟಿಯಾದ ಕೈ. ಅವನನ್ನು ಒಂದು ಮಗ್ಗುಲಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಬಟ್ಟೆಯನ್ನು ಒಂದೇ ಸಲ ಎಳೆದು, ತುದಿಯನ್ನು ಮೇಜಿನ ಅಂಚಿಗೆ ಸಿಕ್ಕಿಸಿದಳು. ಮೆಲ್ಲಗೆ ಮತ್ತೆ ಮಲಗಿಸಿದಳು. ಸುಕ್ಕು ಹೋಗಿತ್ತು. "ಈಗ ಸರಿ ಆಯ್ತಾ ಅಮ್ಮ?"

ಅರ್ಧ ನಿಮಿಷದ ಕೆಲಸ. ಅಷ್ಟೇ ಇದ್ದದ್ದು. ಅವನಿಗೆ ಬೇಕರಿಯ ಮೇಲೆ ಎಲ್ಲಿಲ್ಲದ ಕೋಪ ಬಂತು. ಗ್ರೀಕಿನ ಒಂದು ಸಾಲು ಓದಲು ಬಾರದವಳು, ಯಾರೂ ಹೇಳಿಕೊಡದೆ, ಏನೂ ಆಗದವಳ ಹಾಗೆ ಎಳೆದು ಸಿಕ್ಕಿಸಿ ಸರಿ ಆಯ್ತಾ ಅನ್ನುತ್ತಾಳೆ. ಇವಳು ಅವತ್ತು ಆ ವಾರ್ಡಿನಲ್ಲಿ ಇದ್ದಿದ್ದರೆ ಎಂದುಕೊಂಡ ಮರುಕ್ಷಣವೇ, ಇದ್ದವನು ನಾನೇ ಎಂದು ಗೊತ್ತಾಗಿ ಆ ಕೋಪಕ್ಕೆ ಹೋಗಲು ಬೇರೆ ಜಾಗ ಉಳಿಯಲಿಲ್ಲ. ಅವನು ಎದ್ದು ಕೂತ. ಕಾಲು ಮೇಜಿನಿಂದ ಕೆಳಗೆ ಜೋತಾಡುತ್ತಿತ್ತು. "ವರದಿ ಸುಳ್ಳು ಸರ್," ಎಂದ. "ಆಯಮ್ಮ ಆಡಿದ್ದು ಈಗ ನಾನು ಹೇಳಿದ್ದನ್ನ. ನಾನು ಬೆಡ್‌ಶೀಟು ಎಳೀಲಿಲ್ಲ. ನರ್ಸನ್ನೂ ಕರೀಲಿಲ್ಲ. ಹೋಗಿ ಟೀ ಕುಡಿದೆ. ಆಯಮ್ಮ ಸತ್ತ ಮೇಲೆ ಅದನ್ನ ಬರೆದೆ."

 ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬೈಯುತ್ತಾರೆ, ಹೊರಗೆ ಹಾಕುತ್ತಾರೆ, ಹಾಕಲಿ ಎಂದು ಅವನು ಕಾದ. ಏಟು ತಿನ್ನಲು ಬೆನ್ನು ಒಡ್ಡಿದವನಿಗೆ ಇರುವಂಥ ಒಂದು ನೆಮ್ಮದಿ ಕೂಡ ಆಗಿತ್ತು. ಮೇಷ್ಟ್ರು ಕನ್ನಡಕ ಹಾಕಿಕೊಂಡು ತರಗತಿಯ ಕಡೆ ತಿರುಗಿ, ನೋಡಿದಿರಾ ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಈ ಪದ್ಧತಿಯ ಶಕ್ತಿಯೇ ಇದು, ಮಲಗಿದವನು ತನ್ನನ್ನೇ ಕಂಡುಕೊಳ್ಳುತ್ತಾನೆ, ಇಂಥ ಪಶ್ಚಾತ್ತಾಪ ಬರೆದು ಬರುವುದಲ್ಲ, ಇಂಥ ಪ್ರಾಮಾಣಿಕತೆ ಸಭೆಗೆ ಬೇಕು ಎಂದು ಬಹಳ ಹೊತ್ತು ಹೇಳಿದರು. ಅಯ್ಯನವರು ತಲೆದೂಗಿದರು. ವರದಿಯ ವಿಷಯ ಇಲ್ಲಿಗೇ ಬಿಡೋಣ, ಅದು ಈಗಾಗಲೇ ಮಂಡಳಿಗೆ ಹೋಗಿದೆ, ಹುಡುಗ ತಪ್ಪು ಒಪ್ಪಿಕೊಂಡನಲ್ಲ, ದೊಡ್ಡದು ಎಂದರು. ಆಮೇಲೆ ಮೇಷ್ಟ್ರು ಬೇಕರಿಯ ಕಡೆ ತಿರುಗಿದರು. ನೀನು ಮಾಡಿದ್ದು ಪಾಸ್ಟರ ಕೆಲಸವಲ್ಲ ಮಗೂ, ಅದು ಆಯಾ ಮಾಡುವ ಕೆಲಸ. ಕೊಟ್ಟದ್ದನ್ನು ಓದಲಿಲ್ಲ, ಪ್ರಾರ್ಥನೆಯ ಮಾತೇ ತೆಗೆಯಲಿಲ್ಲ, ಗಂಡಸನ್ನು ಹಾಗೆ ಮುಟ್ಟಿ ಎತ್ತಿದ್ದು ಬೇರೆ. ಇದನ್ನು ನೀನು ಮತ್ತೆ ಮಾಡಿ ತೋರಿಸಬೇಕಾಗುತ್ತದೆ, ಮುಂದಿನ ವರ್ಷ. ಬೇಕರಿ ಆಯ್ತು ಸರ್ ಎಂದಳು. ಅವಳಿಗೆ ನಪಾಸಾಗುವುದು ಅಭ್ಯಾಸವಾಗಿತ್ತು.

"ಸರ್, ಸಹಿ ಹಾಕಬೇಡಿ," ಎಂದ ಅವನು. ವಿನಯ ನೋಡಿ ಎಂದು ಅಯ್ಯನವರು ನಕ್ಕರು. ಮೇಷ್ಟ್ರು ಹಸಿರು ಶಾಯಿಯಲ್ಲಿ ಸಹಿ ಹಾಕಿ, ಊದಿ, ಪತ್ರವನ್ನು ಅವನ ಕಡೆ ಚಾಚಿದರು. ತೆಗೆದುಕೊಳ್ಳಬಾರದು ಎಂದುಕೊಂಡ. ಎದುರಿಗೆ ಮೇಷ್ಟ್ರು, ಅಯ್ಯನವರು, ಚಾಚಿದ ಕೈ. ಅವನ ಎರಡು ಕೈಯೂ ತಾವಾಗಿ ಎದ್ದು, ಜೋಡಿಕೊಂಡು, ತಲೆ ಒಂದಿಷ್ಟು ಬಾಗಿ, ಪತ್ರವನ್ನು ತೆಗೆದುಕೊಂಡವು. ಗಂಟೆ ಹೊಡೆಯುವವನ ಮಗನ ಕೈ. ಈ ಕೈ ಅವತ್ತು ಒಂದು ಬಟ್ಟೆ ಎಳೆಯಲು ಏಳಲಿಲ್ಲ, ಇವತ್ತು ಎಷ್ಟು ಬೇಗ ಎದ್ದಿತು. ಅವನಿಗೆ ತನ್ನ ಮೊಣಕೈಯಿಂದ ಕೆಳಗಿನದನ್ನೆಲ್ಲ ಕಡಿದು ಆ ಮೇಜಿನ ಮೇಲೆ ಇಟ್ಟು ಬರಬೇಕು ಅನ್ನಿಸಿತು.

ಹೊರಗೆ ಅಪ್ಪ ಅದೇ ಜಾಗದಲ್ಲಿ ನಿಂತಿದ್ದ. ಮಗನ ಕೈಯಲ್ಲಿದ್ದ ಪತ್ರ ನೋಡಿದ ಕೂಡಲೇ ಮುಖ ಅಗಲವಾಯಿತು. ಪೊಟ್ಟಣದ ದಾರಕ್ಕೆ ಕೈ ಹಾಕಿ, ಇಲ್ಲೇ ಒಂದು ಸಲ ತೊಟ್ಟು ತೋರಿಸು, ತೋಳು ನೋಡೋಣ ಎಂದ. ಅವನು ಅಪ್ಪನ ಕೈ ಹಿಡಿದು ನಿಲ್ಲಿಸಿದ. ಅಲ್ಲೇ ನಿಂತು ಎಲ್ಲವನ್ನೂ ಹೇಳಿದ. ಇಸ್ತ್ರಿಯವಳು, ಸುಕ್ಕು, ವಾಸನೆ, ಟೀ, ವರದಿ, ಈಗ ಒಳಗೆ ಆದದ್ದು. ಮೆಲ್ಲಗೆ ಹೇಳಲಿಲ್ಲ. ಹೇಳುತ್ತ ಹೇಳುತ್ತ ದನಿ ಏರಿತು, ಅಪ್ಪನನ್ನೇ ಬೈಯುತ್ತಿದ್ದೇನೆ ಅನ್ನಿಸುವಷ್ಟು ಏರಿತು, ನೀನು ಇವರ ಮುಂದೆ ನಿಂತು ನಿಂತೇ ನಾನು ಹೀಗಾದೆ ಎಂದೂ ಅಂದುಬಿಟ್ಟ. ಅಪ್ಪ ದಾರದ ಗಂಟನ್ನು ನೋಡುತ್ತಿದ್ದ. ಇನ್ನೇನು ಹೇಳುತ್ತಾನೆ, ಎಲ್ಲ ಸರಿಹೋಗುತ್ತೆ ಅನ್ನುತ್ತಾನೆ, ಅಯ್ಯನವರೇ ಕ್ಷಮಿಸಿದ ಮೇಲೆ ಇನ್ನೇನು ಅನ್ನುತ್ತಾನೆ. ಅನ್ನಲಿ, ಅಲ್ಲಿಗೇ ನಮ್ಮಿಬ್ಬರ ಮಾತು ಮುಗಿಯಿತು ಎಂದು ಅವನು ಹಲ್ಲು ಕಚ್ಚಿ ನಿಂತ.

ಅಪ್ಪ ತಲೆ ಎತ್ತಿದ. "ಆಮೇಲೆ ಯಾರು ಸರಿ ಮಾಡಿದ್ರು?"

"ಏನನ್ನ?"

"ಬೆಡ್‌ಶೀಟನ್ನ. ಆಯಮ್ಮ ಇದ್ದಾಗಲೇ ಯಾರಾದ್ರೂ ಬಂದು ಸರಿ ಮಾಡಿದ್ರಾ, ಇಲ್ಲ..."

ಹತ್ತು ದಿನದಲ್ಲಿ ಅವನಿಗೆ ಈ ಪ್ರಶ್ನೆ ಬಂದಿರಲಿಲ್ಲ. ತನ್ನ ಸುಳ್ಳು, ತನ್ನ ಪತ್ರ, ತನ್ನ ಪಾಪ, ತನ್ನ ಕೋಪ, ಇವನ್ನೇ ಹೊರಳಿಸಿ ಹೊರಳಿಸಿ ನೋಡಿದವನು, ಅವತ್ತು ತಾನು ಹೊರಟು ಬಂದ ಮೇಲೆ ಅವಳು ಒಂದು ಗಂಟೆ ಆ ಸುಕ್ಕಿನ ಮೇಲೆ ಮಲಗಿದ್ದಳೋ, ರಾತ್ರಿಯೆಲ್ಲ ಮಲಗಿದ್ದಳೋ, ಅದರ ಮೇಲೆಯೇ ಹೋದಳೋ ಎಂದು ಯಾರನ್ನೂ ಕೇಳಿರಲಿಲ್ಲ. ನರ್ಸು ಎದುರಿಗೇ ನಿಂತಿದ್ದಳು. ಕೇಳಬಹುದಿತ್ತು. "ಗೊತ್ತಿಲ್ಲ ಅಪ್ಪ," ಎಂದ. ಈಗ ಮಾತ್ರ ದನಿ ಇಳಿಯಿತು.

 ಅಪ್ಪ ಹಿಂದೆ ಕೈ ಚಾಚಿ ಕುರ್ಚಿಯನ್ನು ತಡವಿ ನೋಡಿ, ಕೂತುಕೊಂಡ. ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಿಚ್ಚಿದ್ದ ಅರ್ಧ ಗಂಟನ್ನು ಮತ್ತೆ ಕಟ್ಟತೊಡಗಿದ. ಗಂಟು ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆದು ಅಯ್ಯನವರು ಹೊರಗೆ ಬಂದರು, ಹಿಂದಿರುಗಿ ಮೇಷ್ಟ್ರ ಜೊತೆ ಏನೋ ಹೇಳಿ ನಗುತ್ತ, ಮುಖ ಆ ಕಡೆಯೇ ಇಟ್ಟುಕೊಂಡು, ಚೀಲವನ್ನು ಪಕ್ಕಕ್ಕೆ ಚಾಚಿದರು.

ಅಪ್ಪ ಏಳಲಿಲ್ಲ. ಚೀಲವನ್ನು ನೋಡಿದ, ಮತ್ತೆ ದಾರದ ಕಡೆ ನೋಡಿದ. ಚೀಲ ಗಾಳಿಯಲ್ಲಿ ಹಾಗೇ ನಿಂತಿತ್ತು. ಮಗನ ಕೈ ಆ ಕಡೆ ಹೊರಟದ್ದು ಅವನಿಗೇ ಕಂಡಿತು. ಈ ಸಲ ಅದು ಹೋಗುವಷ್ಟು ಹೋಗಲಿ ಎಂದು ಬಿಟ್ಟ. ಹೋಗಿ, ಹಿಡಿದಿದ್ದ ಪತ್ರವನ್ನು ಚೀಲದ ಬಾಯಲ್ಲಿ ಹಾಕಿ, ಖಾಲಿಯಾಗಿ ಹಿಂದೆ ಬಂತು. ಅಯ್ಯನವರು ತಿರುಗಿ, ಕೂತಿದ್ದ ಅಪ್ಪನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

ತೆರೆದ ಬಾಗಿಲಿನಿಂದ ಒಳಗೆ ಬೇಕರಿ ಕಾಣುತ್ತಿದ್ದಳು. ಮೇಜಿನ ಮೇಲಿನ ಬೆಡ್‌ಶೀಟನ್ನು ಒಬ್ಬಳೇ ಮಡಿಸಲು ಹೋಗಿ ಸೋಲುತ್ತಿದ್ದಳು. "ಗಂಟೆಯಣ್ಣ," ಎಂದಳು, "ಆ ಕಡೆ ತುದಿ ಹಿಡಿ."

ಅವನು ಒಳಗೆ ಹೋಗಿ ಹಿಡಿದ.